ಬೋಣಿಗೆ ಮೊದಲೇ ಹೋದ ಚಿತ್ರ

"ಇನ್ನೂ ಬೋಣಿಯೇ ಆಗಿಲ್ಲ ಅಮ್ಮ," ರಮಿತಾ ಹಲ್ಲು ಕಚ್ಚಿಕೊಂಡು ಹೇಳಿದಳು.

ಅಮ್ಮನಿಗೆ ಕೇಳಿಸಿತೋ ಇಲ್ಲವೋ. ಕೇಳಿಸಿದರೂ ಕೇಳಿಸದವಳ ಹಾಗೆ ಅವಳು ಚಿತ್ರವನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದಳು. ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ನಳಿನಾಕ್ಷಿ ಆಂಟಿಯ ಕೈಗೆ ಕೊಟ್ಟಳು.

"ಎಷ್ಟು ಕೊಡ್ಬೇಕು ಹೇಳು ಮಾರಾಯ್ತಿ," ಅಂದರು ಆಂಟಿ. ಹಾಗೆ ಕೇಳುವಾಗ ಅವರ ಪರ್ಸು ಬಗಲಲ್ಲೇ ಇತ್ತು. ಅದರ ಜಿಪ್ಪಿನ ಹತ್ತಿರಕ್ಕೂ ಅವರ ಕೈ ಹೋಗಿರಲಿಲ್ಲ. ರಮಿತಾ ಅದನ್ನು ಗಮನಿಸಿದಳು.

"ನಾಲ್ಕು ನೂರು," ಅಂದಳು. ಇಷ್ಟು ಹೇಳಲಿಕ್ಕೆ ಅವಳು ಮೂರು ದಿನ ಬಾತ್‌ರೂಮಿನ ಕನ್ನಡಿಯ ಮುಂದೆ ಪ್ರಾಕ್ಟೀಸ್ ಮಾಡಿದ್ದಳು.

ಅಮ್ಮ ನಕ್ಕುಬಿಟ್ಟಳು. "ಅದಕ್ಕೆಂಥ ಗೊತ್ತು ನಳಿನಕ್ಕ, ಸಣ್ಣದು. ನಮ್ಮ ನಮ್ಮೊಳಗೆ ಎಂಥ ದುಡ್ಡು? ನೀವು ತಕೊಂಡು ಹೋಗಿ."

ಆಂಟಿ "ಛೇ, ಹಾಗಲ್ಲ" ಎಂದು ಎರಡು ಸಲ ಅಂದರು. ಮೂರನೆಯ ಸಲ ಅನ್ನಲಿಲ್ಲ. ಚಿತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ರಮಿತಾಳ ಗಲ್ಲ ಹಿಂಡಿದರು. ಚಂದ ಮಾಡಿದ್ದೀಯ, ಆದರೆ ಮುಂದಿನ ಸಲ ಗಣಪತಿ ಮಾಡು, ಗಣಪತಿಯಾದರೆ ಎಲ್ಲರೂ ತೆಗೆದುಕೊಳ್ಳುತ್ತಾರೆ ಎಂದು ಬುದ್ಧಿ ಹೇಳಿದರು. ಚಿತ್ರವೂ ಬಿಟ್ಟಿ, ಬುದ್ಧಿಯೂ ಬಿಟ್ಟಿ. ಹೇಳಿ ಬಿ ವಿಂಗಿನ ಲಿಫ್ಟಿನ ಕಡೆಗೆ ನಡೆದೇಬಿಟ್ಟರು.

ರಮಿತಾಳ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಏನು? ಡೊಂಬಿವಲಿಯ ಅವರ ಸೊಸೈಟಿಯಲ್ಲಿ ಪ್ರತಿ ವರ್ಷ ದೀಪಾವಳಿಗೆ ಒಂದು ವಾರ ಮೊದಲು ಕೆಳಗಿನ ಪಾರ್ಕಿಂಗಿನಲ್ಲಿ ಎಕ್ಸಿಬಿಷನ್ ಇರುತ್ತದೆ. ಕಾರುಗಳನ್ನೆಲ್ಲ ರಸ್ತೆಗೆ ಕಳಿಸಿ ಇಪ್ಪತ್ತು ಟೇಬಲ್ ಹಾಕುತ್ತಾರೆ. ಚಕ್ಕುಲಿ, ಆಕಾಶಬುಟ್ಟಿ, ಕುರ್ತಾ, ಸಾಬೂನು, ಏನು ಬೇಕಾದರೂ ಮಾರಬಹುದು. ಈ ವರ್ಷ ರಮಿತಾ ತನ್ನ ಬರ್ತ್‌ಡೇ ದುಡ್ಡಿನಿಂದ ಇನ್ನೂರು ರೂಪಾಯಿ ಬಾಡಿಗೆ ಕೊಟ್ಟು ಒಂದು ಟೇಬಲ್ ಹಿಡಿದಿದ್ದಳು. ಆರನೇ ಕ್ಲಾಸಿನ ಹುಡುಗಿ, ಸ್ವಂತ ಟೇಬಲ್. ಹಾಗಂತ ಇಡೀ ಕ್ಲಾಸಿಗೆ ಹೇಳಿಕೊಂಡು ಬಂದಿದ್ದಳು.

ಟೇಬಲಿನ ಮೇಲೆ ಒಂಬತ್ತು ಚಿತ್ರಗಳಿದ್ದವು. ಕಾಗದದ ಬುಕ್‌ಮಾರ್ಕ್‌ಗಳ ಒಂದು ಕಟ್ಟೂ ಇತ್ತು. ಒಂಬತ್ತರಲ್ಲಿ ಎಲ್ಲಕ್ಕಿಂತ ಒಳ್ಳೆಯದು ಲೇಡೀಸ್ ಡಬ್ಬಾದ ಚಿತ್ರ. ಸಂಜೆಯ ಲೋಕಲ್ ಟ್ರೇನು. ಒಬ್ಬಳು ಮಡಿಲಲ್ಲಿ ಚೀಲ ಇಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದಾಳೆ. ಪಕ್ಕದವಳು ನಿದ್ದೆ ಮಾಡುತ್ತ ಅವಳ ಹೆಗಲಿಗೆ ತಲೆ ಕೊಟ್ಟಿದ್ದಾಳೆ. ಇಬ್ಬರಿಗೂ ಪರಸ್ಪರ ಗುರುತಿಲ್ಲ. ಆ ಬಟಾಣಿ ಸುಲಿಯುವ ಬೆರಳುಗಳನ್ನೇ ರಮಿತಾ ಆರು ಸಲ ಅಳಿಸಿ ಬರೆದಿದ್ದಳು. ಒಟ್ಟು ಹನ್ನೆರಡು ದಿನ ಹಿಡಿದಿತ್ತು.

ಅದನ್ನು ಅಮ್ಮ ಹನ್ನೆರಡು ಸೆಕೆಂಡಿನಲ್ಲಿ ಸುತ್ತಿ ಕೊಟ್ಟುಬಿಟ್ಟಳು. ಅದೂ ಬೋಣಿಗೆ ಮೊದಲು.

ಬೋಣಿ ಅಂದರೆ ದಿನದ ಮೊದಲ ವ್ಯಾಪಾರ. ಬೇರೆಯವರ ಮನೆಯ ಮಕ್ಕಳಿಗೆ ಅದರ ಬಗ್ಗೆ ಗೊತ್ತಿರಲಿಕ್ಕಿಲ್ಲ, ರಮಿತಾಳಿಗೆ ಚೆನ್ನಾಗಿ ಗೊತ್ತು. ಅವಳ ಅಪ್ಪ ಲೀಲಾಧರ ಠಾಣೆ ಸ್ಟೇಷನ್ನಿನ ಹತ್ತಿರ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಾರೆ. ಬೆಳಿಗ್ಗೆ ಶಟರ್ ಎತ್ತಿದ ಮೇಲೆ ಮೊದಲು ಬಂದವರು ದುಡ್ಡು ಕೊಟ್ಟೇ ಹೋಗಬೇಕು. ಆಮೇಲೆ ಬೇಕಾದರೆ ಉದ್ದರಿ ಇರಲಿ, ಪುಕ್ಕಟೆಯೂ ಇರಲಿ. ಮೊದಲನೆಯದು ಮಾತ್ರ ಹಾಗೆ ಹೋಗುವಂತಿಲ್ಲ. ಹೋದರೆ ಆ ದಿನ ಪೂರ್ತಿ ಹಾಗೆಯೇ ಹೋಗುತ್ತದೆ ಅಂತ ಹೋಟೆಲಿನವರ ನಂಬಿಕೆ.

ಒಮ್ಮೆ ಹೋಟೆಲಿನ ಧಣಿ ಮೋಹನದಾಸರೇ ಎಲ್ಲರಿಗಿಂತ ಮೊದಲು ಬಂದು ಟೀ ಕುಡಿದು ಎದ್ದರಂತೆ. ಅಪ್ಪ ಗಲ್ಲಾದಿಂದ "ಧಣಿಗಳೇ, ಬೋಣಿ" ಅಂದರಂತೆ. ಧಣಿ ನಕ್ಕು, ಹತ್ತು ರೂಪಾಯಿಯ ನಾಣ್ಯ ಇಟ್ಟು, ತಮ್ಮ ಹೋಟೆಲಿನಲ್ಲಿ ತಾವೇ ಟೀಗೆ ದುಡ್ಡು ಕೊಟ್ಟು ಹೋದರಂತೆ. ಮನೆಗೆ ಯಾರೇ ನೆಂಟರು ಬರಲಿ, ಅಪ್ಪ ಈ ಕತೆ ಹೇಳದೆ ಬಿಡುವುದಿಲ್ಲ. ಅಮ್ಮನೂ ಪ್ರತಿ ಸಲ ನಗುತ್ತಾಳೆ.

ಅಂಥ ಮನೆಯಲ್ಲಿ ಮಗಳ ಬೋಣಿ ಹೀಗಾಯಿತು.

ಪಕ್ಕದ ಟೇಬಲಿನಲ್ಲಿ ಎ ವಿಂಗಿನ ಅನುಷ್ಕಾ ರೆಸಿನ್ ಕೀಚೈನ್ ಮಾರುತ್ತಿದ್ದಳು. ರಮಿತಾಳ ಕ್ಲಾಸ್‌ಮೇಟ್. ಯಾರು ಬಂದರೂ ಅವಳದ್ದು ಒಂದೇ ಮಾತು, "ಫಿಫ್ಟಿ, ಫಿಕ್ಸ್ ರೇಟ್." ಅವಳ ಅಜ್ಜಿ ಬಂದಾಗಲೂ ಅದೇ ಹೇಳಿದಳು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಐವತ್ತು ರೂಪಾಯಿ ಕೊಟ್ಟರು. ಯಾರಿಗೂ ಬೇಜಾರಾಗಲಿಲ್ಲ.

"ತೂ ಭೀ ಬೋಲ್ ನಾ, ಫಿಕ್ಸ್ ರೇಟ್," ಎಂದು ಅನುಷ್ಕಾ ಪಿಸುಗುಟ್ಟಿದಳು.

"ನಾನು ಬೋಲಿದೆ. ನನ್ನ ಮಮ್ಮಿಗೆ ಹೋಗಿ ಹೇಳು," ಎಂದು ರಮಿತಾ ಸಿಡುಕಿದಳು. ಪಾಪ, ಅನುಷ್ಕಾ ತನ್ನ ಕೀಚೈನುಗಳ ಕಡೆಗೆ ತಿರುಗಿಕೊಂಡಳು.

ಮಧ್ಯಾಹ್ನದವರೆಗೆ ಜನ ಬರುತ್ತಲೇ ಇದ್ದರು. ಬಂದವರೆಲ್ಲ ಚಿತ್ರಗಳನ್ನು ನೋಡಿದರು, ಎತ್ತಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಸಲಹೆ ಕೊಟ್ಟರು. ಒಬ್ಬರು ಬುದ್ಧನನ್ನು ಬರೆ ಅಂದರು, ಡ್ರಾಯಿಂಗ್ ರೂಮಿಗೆ ಬುದ್ಧ ಚೆನ್ನಾಗಿರುತ್ತಾನಂತೆ. ಇನ್ನೊಬ್ಬರು ಓಡುವ ಏಳು ಕುದುರೆ ಬರೆ ಅಂದರು. ಮತ್ತೊಬ್ಬರಿಗೆ ಕುದುರೆಯೂ ಬೇಡ, ಸೋಫಾದ ಬಣ್ಣಕ್ಕೆ ಮ್ಯಾಚ್ ಆಗುವ ಹೂವು ಬೇಕು. ಇದೆಲ್ಲ ಚಿತ್ರವೇನಮ್ಮ, ವಡಾಪಾವ್ ಗಾಡಿ, ಸ್ಕೈವಾಕು, ಗಲೀಜು ಪಾರಿವಾಳ, ದಿನಾ ನೋಡುವುದೇ ಅಲ್ಲವಾ ಎಂದು ಮೂಗು ಮುರಿದವರೂ ಇದ್ದರು. ಸಿ ವಿಂಗಿನ ಒಬ್ಬ ಆಂಟಿಯಂತೂ ತನ್ನ ಮಗನ ಬರ್ತ್‌ಡೇ ಬ್ಯಾನರ್ ಬರೆದುಕೊಡು, ನಿನಗೂ ಪ್ರಾಕ್ಟೀಸ್ ಆಗುತ್ತದೆ ಅಂದರು. ಪೇಪರ್ ಕೂಡ ನೀನೇ ತಾ ಅನ್ನುವ ಹಾಗಿತ್ತು ಅವರ ಮುಖ.

ಕೊನೆಗೆ ಮನೀಶ್ ಅಂಕಲ್ ಬಂದರು. ಸೊಸೈಟಿ ಕಮಿಟಿಯ ಮೆಂಬರ್, ಯಾವುದೋ ಕಂಪೆನಿಯಲ್ಲಿ ಮಾರ್ಕೆಟಿಂಗ್. ಅವರು ಕುರ್ಚಿಯನ್ನೇ ಎಳೆದುಕೊಂಡು ಕೂತರು. ಪೇಜ್ ಓಪನ್ ಮಾಡಬೇಕಂತೆ, ದಿನಕ್ಕೊಂದು ರೀಲ್ ಹಾಕಬೇಕಂತೆ, ಹೆಸರನ್ನು ಸ್ಟೈಲಾಗಿ ಬರೆಯಬೇಕಂತೆ. ರಮಿತಾ ತಲೆಯಾಡಿಸುತ್ತ ಕೇಳಿದಳು. ಅದರಲ್ಲಿ ಒಂದೆರಡು ಮಾತು ಒಳ್ಳೆಯದಾಗಿಯೂ ಇದ್ದವು. ಆಮೇಲೆ ಅವರು ಹೇಳಿದರು:

"ಮೊದಲ ಒಂದೆರಡು ವರ್ಷ ದುಡ್ಡಿನ ಮುಖ ನೋಡಬಾರದು ಬೇಟಾ. ಫ್ರೀಯಾಗಿ ಕೊಡ್ತಾ ಹೋಗು. ಎಕ್ಸ್‌ಪೋಶರ್ ಮುಖ್ಯ."

"ಅಂಕಲ್, ನೀವು ಆಫೀಸಿನಲ್ಲಿ ಮೊದಲ ಎರಡು ವರ್ಷ ಫ್ರೀಯಾಗಿ ಕೆಲಸ ಮಾಡಿದ್ರಾ?" ಎಂದು ರಮಿತಾ ಕೇಳಿದಳು.

ಟೇಬಲಿನ ಕೆಳಗಿಂದ ಅಮ್ಮ ಅವಳ ತೊಡೆ ಚಿವುಟಿದಳು. ಮನೀಶ್ ಅಂಕಲ್ ಗಡಿಯಾರ ನೋಡಿಕೊಂಡು ಎದ್ದರು. ಎದ್ದವರು ಸುಮ್ಮನೆ ಹೋದರಾ? ಸ್ಯಾಂಪಲ್ ಎಂದು ಒಂದು ಬುಕ್‌ಮಾರ್ಕ್ ಜೇಬಿಗೆ ಹಾಕಿಕೊಂಡು ಹೋದರು.

ಮೂರು ಗಂಟೆಗೆ ಎಕ್ಸಿಬಿಷನ್ ಮುಗಿಯಿತು. ಅನುಷ್ಕಾಳ ಡಬ್ಬಿಯಲ್ಲಿ ಎರಡೇ ಕೀಚೈನ್ ಉಳಿದಿದ್ದವು. ರಮಿತಾಳ ಟೇಬಲಿನಿಂದ ಹೋದದ್ದು ಒಂದು ಚಿತ್ರ, ಒಂದು ಬುಕ್‌ಮಾರ್ಕ್. ಬಂದದ್ದು ಸೊನ್ನೆ.

ಮನೆಗೆ ಬಂದವಳೇ ಉಳಿದ ಚಿತ್ರಗಳನ್ನು ಮಂಚದ ಕೆಳಗೆ ತಳ್ಳಿದಳು. ಅಮ್ಮ ಅನ್ನ ಬಡಿಸಿದರೆ ಬೇಡ ಅಂದಳು. ಬಂಗುಡೆ ಸಾರು ಉಂಟು ಅಂದರೂ ಬೇಡ ಅಂದಳು. ಬಂಗುಡೆ ಬೇಡ ಅನ್ನುವ ಮಗಳೇ ಅಲ್ಲ ಅವಳು. ಅಮ್ಮನಿಗೆ ಆಗಲೇ ಇದು ಸಣ್ಣ ಸಿಟ್ಟಲ್ಲ ಎಂದು ಗೊತ್ತಾಗಬೇಕಿತ್ತು.

ಆದರೆ ಅಮ್ಮ ಹೊಲಿಗೆ ಮಿಷನ್ನಿನ ಮುಂದೆ ಕೂತಳು. ಕಿಟಕಿಯ ಪಕ್ಕದ ಗೋಡೆಯ ತುಂಬ ಮೊಳೆ, ಮೊಳೆಗೊಂದು ಪ್ಲಾಸ್ಟಿಕ್ ಚೀಲ, ಚೀಲದ ತುಂಬ ಬೇರೆಯವರ ಬ್ಲೌಸು. ದೀಪಾವಳಿ ಬಂತೆಂದರೆ ಅಮ್ಮನ ಮಿಷನ್ನಿಗೆ ಬಿಡುವಿಲ್ಲ. ಟಕಟಕಟಕ ಎಂಬ ಆ ಸದ್ದು ಕೇಳಿ ರಮಿತಾಳ ಸಿಟ್ಟು ನೆತ್ತಿಗೇರಿತು.

"ಅದು ನಿನ್ನ ಚಿತ್ರವಾ?"

ಮಿಷನ್ ನಿಂತಿತು.

"ನಾನು ನಾಲ್ಕು ನೂರು ಅಂತ ಹೇಳಿದೆ. ಎಲ್ಲರ ಎದುರು ಹೇಳಿದೆ. ನೀನು ನಕ್ಕೆ."

ಅಮ್ಮ ಮೊದಲು ಸಮಾಧಾನವಾಗಿಯೇ ಹೇಳಿದಳು. ಅವಳು ಮದುವೆಯಾಗಿ ಊರಿನಿಂದ ಬಂದಾಗ ಡೊಂಬಿವಲಿಯಲ್ಲಿ ಅವಳಿಗೆ ಯಾರ ಗುರುತೂ ಇರಲಿಲ್ಲ, ಹಿಂದಿಯೂ ಬರುತ್ತಿರಲಿಲ್ಲ. ನಳಿನಕ್ಕ ಊರಿನ ಕಡೆಯವರು. ತರಕಾರಿ ಮಾರ್ಕೆಟ್ಟು ತೋರಿಸಿದ್ದು ಅವರು, ಟ್ರೇನು ಹತ್ತಲು ಕಲಿಸಿದ್ದು ಅವರು. ರಮಿತಾ ಹುಟ್ಟುವ ದಿನ ಅಪ್ಪ ಠಾಣೆಯಲ್ಲಿ ಡ್ಯೂಟಿಯಲ್ಲಿದ್ದರು, ಲೋಕಲ್ ಟ್ರೇನು ಬಂದ್ ಆಗಿತ್ತು. ಅಮ್ಮನನ್ನು ರಿಕ್ಷಾದಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದವರೂ ಅವರೇ.

"ಅಂಥವರ ಹತ್ರ ನಾಲ್ಕು ನೂರು ಕೇಳುದಾ? ನಾಚಿಕೆ ಆಗುದಿಲ್ವಾ ನಿನಗೆ?"

"ಅವರು ಉಪಕಾರ ಮಾಡಿದ್ದು ನಿನಗೆ," ಅಂದಳು ರಮಿತಾ. "ಕೊಡೋದಾದ್ರೆ ನಿನ್ನದು ಏನಾದ್ರೂ ಕೊಡಬೇಕಿತ್ತು. ನನ್ನದನ್ನ ಯಾಕೆ ಕೊಟ್ಟೆ?"

ಅಮ್ಮ ಬಾಯಿ ತೆರೆದಳು. ಏನೋ ಹೇಳಲಿಕ್ಕಿತ್ತು, ಹೇಳಲಿಲ್ಲ. ತಲೆ ತಗ್ಗಿಸಿ ಸೂಜಿಯ ಕೆಳಗೆ ಬಟ್ಟೆ ಸರಿಮಾಡಿದಳು. ಮಿಷನ್ ಮತ್ತೆ ಓಡತೊಡಗಿತು.

ಅಮ್ಮ ಬೈದಿದ್ದರೆ ರಮಿತಾ ಅತ್ತು ಸುಮ್ಮನಾಗುತ್ತಿದ್ದಳೋ ಏನೋ. ಬೈಯಲಿಲ್ಲವಲ್ಲ, ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಚಿತ್ರ ವಾಪಸ್ ಕೊಡಿ, ಇಲ್ಲವಾದರೆ ನಾಲ್ಕು ನೂರು ಕೊಡಿ. ಹೀಗೆ ಹೇಳಬೇಕು ಎಂದು ಬಿ ವಿಂಗಿನ ಮೆಟ್ಟಿಲು ಹತ್ತುತ್ತ ಮನಸ್ಸಿನಲ್ಲೇ ಹೇಳಿಕೊಂಡಳು. ಲಿಫ್ಟಿಗೆ ಕಾಯುವಷ್ಟು ತಾಳ್ಮೆ ಅವಳಿಗಿರಲಿಲ್ಲ.

ನಾಲ್ಕನೇ ಮಹಡಿ. ಬಾಗಿಲು ತೆರೆದದ್ದು ಆಂಟಿಯೇ. "ಬಾ ಬಾ ರಮಿತಾ, ಈಗಷ್ಟೇ ಚಕ್ಕುಲಿ ಕರೆದಿದ್ದೇನೆ," ಎಂದು ಒಳಗೆ ಕರೆದರು. ಬಿಸಿ ಚಕ್ಕುಲಿಯ ಪ್ಲೇಟನ್ನು ಕೈಗೇ ಕೊಟ್ಟರು. ಸಿಟ್ಟು ಮಾಡಲು ಬಂದವಳ ಕೈಗೆ ಚಕ್ಕುಲಿ ಕೊಟ್ಟರೆ ಅವಳಾದರೂ ಏನು ಮಾಡಬೇಕು? ರಮಿತಾ ಪ್ಲೇಟು ಹಿಡಿದುಕೊಂಡು ಗೋಡೆಗಳನ್ನೆಲ್ಲ ನೋಡಿದಳು. ಹಾಲಿನಲ್ಲಿ ಇರಲಿಲ್ಲ. ಟಿ.ವಿ. ಪಕ್ಕದಲ್ಲಿ ಇರಲಿಲ್ಲ. ತೆರೆದ ಬೆಡ್‌ರೂಮಿನಲ್ಲೂ ಕಾಣಲಿಲ್ಲ.

"ನನ್ನ ಚಿತ್ರ ಎಲ್ಲಿ ಆಂಟಿ?"

"ಅದಾ?" ಆಂಟಿಯ ಮುಖ ಅರಳಿತು. ಆಂಟಿಯ ಮಗಳ ಅತ್ತೆ ಠಾಣೆಯ ಘೋಡಬಂದರ್ ರಸ್ತೆಯಿಂದ ಊಟಕ್ಕೆ ಬಂದಿದ್ದರಂತೆ. ಹಬ್ಬದ ಹೊತ್ತು, ಬರಿಗೈಯಲ್ಲಿ ಹೇಗೆ ಕಳಿಸುವುದು? ಸ್ವೀಟ್ ಬಾಕ್ಸ್ ತರಲು ಪುರುಸೊತ್ತಾಗಿರಲಿಲ್ಲ. ಅದಕ್ಕೆ ಅದನ್ನೇ ಕೊಟ್ಟುಬಿಟ್ಟರಂತೆ. "ಎಷ್ಟು ಖುಷಿಯಾದ್ರು ಗೊತ್ತುಂಟಾ? ನಮ್ಮ ಜಯಲತಾನ ಮಗಳು ಮಾಡಿದ್ದು ಅಂತ ಹೇಳಿದೆ."

ಹನ್ನೆರಡು ದಿನದ ಚಿತ್ರ ಒಂದು ದಿನವೂ ಆ ಮನೆಯ ಗೋಡೆ ನೋಡಲಿಲ್ಲ. ಒಂದು ಸ್ವೀಟ್ ಬಾಕ್ಸಿನ ಬದಲು ಹೋಯಿತು. ಅವಳಿಗೆ ಆ ಪ್ಲೇಟನ್ನು ನೆಲಕ್ಕೆ ಅಪ್ಪಳಿಸಬೇಕು ಅನ್ನಿಸಿತು. ಅಪ್ಪಳಿಸಲಿಲ್ಲ, ಟೀಪಾಯಿಯ ಮೇಲೆ ಇಟ್ಟಳು. ಒಂದು ಚಕ್ಕುಲಿಯನ್ನೂ ಮುರಿಯಲಿಲ್ಲ.

ಆಂಟಿಗೆ ಇದಾವುದೂ ತಿಳಿಯಲಿಲ್ಲ. ಅವರು ಒಳಗೆ ಹೋಗಿ ಒಂದು ಬಟ್ಟೆ ಚೀಲ ತಂದರು.

"ಒಳ್ಳೆ ಹೊತ್ತಿಗೆ ಬಂದೆ. ಇದನ್ನು ಅಮ್ಮನಿಗೆ ಕೊಡು. ಮೂರು ಬ್ಲೌಸ್ ಪೀಸ್ ಉಂಟು, ಹಬ್ಬಕ್ಕೆ ಮೊದಲು ಬೇಕು ಅಂತ ಹೇಳು. ಹಸಿರಿಗೆ ಲೈನಿಂಗ್ ಹಾಕ್ಲಿ. ನಿನ್ನಮ್ಮನ ಹಾಗೆ ಹೊಲಿಯುವವರು ಡೊಂಬಿವಲಿಯಲ್ಲೇ ಇಲ್ಲ ಮಾರಾಯ್ತಿ."

ಚೀಲ ಹಗುರವಾಗಿತ್ತು. ರಮಿತಾ ಅದನ್ನು ಹಿಡಿದುಕೊಂಡು ಆಂಟಿಯನ್ನು ನೋಡಿದಳು. ಆಂಟಿ ಹಾಕಿಕೊಂಡಿದ್ದ ನೀಲಿ ಬ್ಲೌಸು ಅಮ್ಮ ಹೊಲಿದದ್ದು. ನವರಾತ್ರಿಯ ಒಂಬತ್ತು ದಿನಕ್ಕೆ ಒಂಬತ್ತು ಬಣ್ಣದ್ದು ಹೊಲಿದದ್ದೂ ಅಮ್ಮ. ಆಂಟಿಯ ಮಗಳ ಮದುವೆಗೆ ಮನೆಯವರೆಲ್ಲರ ಬ್ಲೌಸು ಹೊಲಿದು ಅಮ್ಮನಿಗೆ ಬೆನ್ನು ನೋವು ಬಂದು, ಮದುವೆಯ ದಿನ ಅವಳು ಕುರ್ಚಿಯಲ್ಲಿ ಓರೆಯಾಗಿ ಕೂತಿದ್ದಳು. ಆ ಬ್ಲೌಸುಗಳ ಬದಲಿಗೆ ಮನೆಗೆ ಬಂದದ್ದು ಊರಿನ ಎರಡು ತೆಂಗಿನಕಾಯಿ, ಒಂದು ಕಟ್ಟು ಹಪ್ಪಳ. ಅಮ್ಮ ಅದನ್ನೂ ಸಂತೋಷದಿಂದ ಎತ್ತಿಟ್ಟಿದ್ದಳು.

ನಿನ್ನದು ಏನಾದ್ರೂ ಕೊಡಬೇಕಿತ್ತು. ಮಧ್ಯಾಹ್ನ ತಾನೇ ಅಮ್ಮನ ಮುಖಕ್ಕೆ ಹೇಳಿದ ಮಾತು.

ಅಮ್ಮ ಕೊಟ್ಟಿದ್ದಳು. ರಮಿತಾ ಹುಟ್ಟಿದಾಗಿನಿಂದ ಕೊಡುತ್ತಲೇ ಇದ್ದಳು. ಆಗ ಅಮ್ಮ ಬಾಯಿ ತೆರೆದು ಹೇಳದೆ ಬಿಟ್ಟದ್ದು ಇದೇ ಇರಬೇಕು.

ರಮಿತಾ ಚೀಲವನ್ನು ಟೀಪಾಯಿಯ ಮೇಲೆ ಇಟ್ಟಳು. ಬಾಯಿಂದ ಮಾತು ಬಂತು. ಬಂದದ್ದು ಮೆಟ್ಟಿಲಿನ ಮೇಲೆ ಹೇಳಿಕೊಂಡ ಮಾತಲ್ಲ.

"ಆಂಟಿ, ಇದಕ್ಕೆ ಎಷ್ಟು ಕೊಡ್ತೀರಿ?"

"ಎಂಥದ್ದಕ್ಕೆ?"

"ಬ್ಲೌಸಿಗೆ. ಗೇಟಿನ ಹತ್ರ ಟೇಲರ್ ಬೋರ್ಡ್ ಹಾಕಿದ್ದಾನೆ. ಸಾದಾ ಬ್ಲೌಸಿಗೆ ನಾನೂರೈವತ್ತು, ಲೈನಿಂಗ್ ಇದ್ರೆ ಆರುನೂರು. ನಮ್ಮ ಅಮ್ಮ ಅವನಿಗಿಂತ ಚೆನ್ನಾಗಿ ಹೊಲಿತಾಳೆ. ನೀವೇ ಹೇಳಿದ್ರಿ."

ಆಂಟಿಯ ಮುಖದ ನಗು ಹೋಯಿತು. ಸಿಟ್ಟು ಬಂದ ಹಾಗಿರಲಿಲ್ಲ, ಯಾರೋ ಕಾಲು ತುಳಿದ ಹಾಗಿತ್ತು.

"ಜಯಲತಾ ಹೇಳಿ ಕಳಿಸಿದ್ಲಾ?"

"ಇಲ್ಲ. ಅಮ್ಮನಿಗೆ ಗೊತ್ತಿಲ್ಲ. ನಾನೇ."

ಇಷ್ಟು ಹೇಳಿ ಚೀಲ ಎತ್ತಿಕೊಂಡು ಓಡಿದಳು. ಎರಡೆರಡು ಮೆಟ್ಟಿಲು ಹಾರಿ ಇಳಿದಳು. ಸಿಟ್ಟು ಹಾಗೆಯೇ ಇತ್ತು, ಒಂದು ಚೂರೂ ಕಡಿಮೆಯಾಗಿರಲಿಲ್ಲ. ಆದರೆ ಅದು ಈಗ ಅಮ್ಮನ ಮೇಲಿತ್ತಾ, ಅಮ್ಮನಿಗಾಗಿ ಇತ್ತಾ, ಅವಳಿಗೇ ಗೊತ್ತಾಗಲಿಲ್ಲ.

ಮನೆಯ ಬಾಗಿಲು ದೂಡಿದಾಗ ಅಮ್ಮನ ಫೋನು ಹೊಡೆದುಕೊಳ್ಳುತ್ತಿತ್ತು. ಆಂಟಿ ಅಷ್ಟು ಬೇಗ ಫೋನು ಮಾಡಿದ್ದರು.

ಅಮ್ಮ ಫೋನು ಕಿವಿಗಿಟ್ಟಳು. ಹೇಳಿ ನಳಿನಕ್ಕ ಅಂದಳು. ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡಳು. ಕೇಳುತ್ತ ಕೇಳುತ್ತ ಅವಳ ಕಣ್ಣು ಬಾಗಿಲ ಹತ್ತಿರ ನಿಂತ ರಮಿತಾಳ ಕಡೆಗೆ, ರಮಿತಾಳ ಕೈಯಲ್ಲಿದ್ದ ಚೀಲದ ಕಡೆಗೆ ಬಂತು. ಮುಖ ಕೆಂಪಾಯಿತು. ಇವತ್ತು ಪೆಟ್ಟು ಗ್ಯಾರಂಟಿ ಅಂದುಕೊಂಡಳು ರಮಿತಾ.

"ಅಯ್ಯೋ, ಮಗು ಎಂಥದೋ ಹೇಳಿತು ನಳಿನಕ್ಕ, ನೀವು ಮನಸ್ಸಿಗೆ ಹಚ್ಕೊಳ್ಬೇಡಿ," ಅಂದಳು ಅಮ್ಮ. "ನಮ್ಮ ನಮ್ಮೊಳಗೆ..."

ಅಷ್ಟಕ್ಕೆ ನಿಂತಳು.

ರಮಿತಾ ಅಮ್ಮನನ್ನೇ ನೋಡುತ್ತ ನಿಂತಳು. ಅಮ್ಮನ ಎಡಗೈ ಮಿಷನ್ನಿನ ಚಕ್ರವನ್ನು ಬಿಗಿಯಾಗಿ ಹಿಡಿದಿತ್ತು. ಫ್ಯಾನ್ ತಿರುಗುತ್ತಿದ್ದರೂ ಹಣೆಯಲ್ಲಿ ಬೆವರಿತ್ತು. ಫೋನಿನಿಂದ ಆಂಟಿ ಹಲೋ ಹಲೋ ಅನ್ನುವುದು ರಮಿತಾಳಿಗೂ ಕೇಳಿಸಿತು.

"ನಾನೂರೈವತ್ತೆಲ್ಲ ಬೇಡ ನಳಿನಕ್ಕ," ಅಂದಳು ಅಮ್ಮ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಶಾಲೆಯಲ್ಲಿ ಹೋಮ್‌ವರ್ಕ್ ಮಾಡದ ಹುಡುಗಿ ಟೀಚರಿಗೆ ಉತ್ತರ ಕೊಟ್ಟ ಹಾಗಿತ್ತು. "ಒಂದಕ್ಕೆ ಮುನ್ನೂರು. ಲೈನಿಂಗಿನದ್ದಕ್ಕೆ... ನಾಲ್ಕು ನೂರು."

ಆ ಕಡೆಯಿಂದ ಏನೋ ಮಾತು ಬಂತು. ಅಮ್ಮ ಹೂಂ ಅಂದಳು, ಮತ್ತೊಮ್ಮೆ ಹೂಂ ಅಂದಳು. ಫೋನು ಕೆಳಗಿಟ್ಟಳು.

"ಎಂಥ ಹೇಳಿದ್ರು?"

"ನೋಡುವ ಅಂದ್ರು." ಅಮ್ಮ ಸೆರಗಿನಿಂದ ಹಣೆ ಒರೆಸಿಕೊಂಡಳು. ಅವಳ ಎಡಗೈ ಇನ್ನೂ ಮಿಷನ್ನಿನ ಚಕ್ರವನ್ನು ಬಿಟ್ಟಿರಲಿಲ್ಲ.

ರಮಿತಾ ಆ ಕೈಯನ್ನೇ ನೋಡಿದಳು. ಬೆಳಿಗ್ಗೆ ಅಮ್ಮ ನಕ್ಕದ್ದು ತನ್ನನ್ನು ನೋಡಿ ಅಂದುಕೊಂಡಿದ್ದಳು. ಅಲ್ಲ. ಅಮ್ಮನಿಗೆ ಹೆದರಿಕೆಯಾಗಿತ್ತು, ಹೆದರಿಕೆಯಾದಾಗ ಅವಳು ನಗುತ್ತಿದ್ದಳು. ಇಷ್ಟು ವರ್ಷ, ಚೀಲ ತಂದ ಪ್ರತಿಯೊಬ್ಬರ ಎದುರೂ ಅವಳು ಹಾಗೆಯೇ ನಕ್ಕಿದ್ದಳು.

ರಮಿತಾ ಹೋಗಿ ಮಿಷನ್ನಿನ ಪಕ್ಕದ ಸ್ಟೂಲಿನಲ್ಲಿ ಕೂತಳು. ಚೀಲವನ್ನು ಅಮ್ಮನ ಮಡಿಲಲ್ಲಿಟ್ಟಳು. ಅಮ್ಮ ಅದನ್ನು ಬಿಚ್ಚಲಿಲ್ಲ. ಮಗಳ ಕಡೆಗೆ ತಿರುಗಿ ಮೆಲ್ಲಗೆ ಕೇಳಿದಳು.

"ಜಾಸ್ತಿ ಹೇಳಿದೆನಾ?"

"ಇಲ್ಲಮ್ಮ," ಅಂದಳು ರಮಿತಾ. "ಕಮ್ಮಿಯೇ ಆಯ್ತು."